ಎಲೆಯ ಹಸಿರಿಗೆ ಅಂಕಿಯ ಸಾಕ್ಷಿ

ಹಸಿರು ಎಂಬ ಒಂದೇ ಮಾತಿನಲ್ಲಿ ಎಷ್ಟು ಬಣ್ಣಗಳು ಅಡಗಿರುವುವೆಂಬುದನ್ನು ತಿಳಿಯಬೇಕಾದರೆ ಕಂಪ್ಲಿಯ ಗದ್ದೆಯ ಬದುವಿನ ಮೇಲೆ ನಿಲ್ಲಬೇಕು. ವಿಜಯನಗರದ ಅರಸರ ಕಾಲದ ಕಾಲುವೆಗಳೂ, ೧೯೫೩ರಿಂದ ನೀರು ಹರಿಸುತ್ತಿರುವ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳೂ ಈ ಸೀಮೆಯನ್ನು ಭತ್ತದ ನಾಡನ್ನಾಗಿ ಮಾಡಿವೆ. ಇಲ್ಲಿ ಗಿಳಿಹಸಿರು, ಎಲೆಹಸಿರು, ಕಪ್ಪುಹಸಿರು ಎಂಬ ಭೇದಗಳು ಕೇವಲ ಮಾತಿನ ಸೊಗಸಲ್ಲ. ಅವು ಮನೆಯ ಆಯವ್ಯಯಕ್ಕೆ ಸಂಬಂಧಪಟ್ಟವು.

ಹೇಗೆಂದರೆ, ಪೈರಿಗೆ ಸಾರಜನಕವು ಕಡಿಮೆಯಾದಾಗ ಎಲೆಯು ತಿಳಿಹಳದಿಗೆ ತಿರುಗುತ್ತದೆ. ಒಡನೆಯೇ ಯೂರಿಯಾ ಚೀಲವನ್ನು ಬಿಚ್ಚುವುದು ರೂಢಿ. ಆದರೆ ಮಿತಿಮೀರಿ ಹಾಕಿದ ಗೊಬ್ಬರವು ಪೈರನ್ನು ಕೊಬ್ಬಿಸಿ ನೆಲಕ್ಕೊರಗಿಸುತ್ತದೆ. ಬೆಂಕಿ ರೋಗಕ್ಕೂ ಕಂದು ಜಿಗಿಹುಳುವಿಗೂ ದಾರಿ ಮಾಡಿಕೊಡುತ್ತದೆ. ಎಲೆಯು ನಿಜವಾಗಿ ಹಸಿದಿದೆಯೋ, ಬಿಸಿಲಿನಲ್ಲಿ ಹಾಗೆ ಕಾಣುತ್ತಿದೆಯೋ? ತಂದೆಯ ಕಣ್ಣು ಒಂದನ್ನು ಹೇಳಿದರೆ ಮಗನ ಕಣ್ಣು ಇನ್ನೊಂದನ್ನು ಹೇಳುವುದುಂಟು.

ಈ ವಿವಾದವನ್ನು ತೀರಿಸುವುದಕ್ಕೆಂದೇ ಎಲೆಬಣ್ಣದ ಪಟ್ಟಿಯು ಹುಟ್ಟಿತು. ಜಪಾನಿನಲ್ಲಿ ಮೊದಲಾದ ಈ ಉಪಾಯವನ್ನು ಫಿಲಿಪ್ಪೀನ್ಸ್ ದೇಶದಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ತಿದ್ದಿ ಹಬ್ಬಿಸಿತು. ತಿಳಿಹಸಿರಿನಿಂದ ಕಡುಹಸಿರಿನವರೆಗೆ ನಾಲ್ಕು ಅಥವಾ ಆರು ಮನೆಗಳುಳ್ಳ ಪ್ಲಾಸ್ಟಿಕ್ಕಿನ ಪಟ್ಟಿಯಿದು. ಪೂರ್ಣವಾಗಿ ಬಿಚ್ಚಿಕೊಂಡ ಎಳೆಯ ಎಲೆಯನ್ನು ಅದರ ಮೇಲಿಟ್ಟು, ತನ್ನ ಮೈನೆರಳಿನಲ್ಲಿ ಹೋಲಿಸಿ ನೋಡತಕ್ಕದ್ದು. ಹತ್ತು ಎಲೆಗಳನ್ನು ನೋಡಿ, ಅವುಗಳಲ್ಲಿ ಆರು ಅಥವಾ ಹೆಚ್ಚು ಎಲೆಗಳು ಆಯಾ ತಳಿಗೆ ಗೊತ್ತುಮಾಡಿದ ಮನೆಗಿಂತ ತಿಳಿಯಾಗಿದ್ದರೆ ಮಾತ್ರ ಮೇಲುಗೊಬ್ಬರ ಹಾಕಬೇಕು.

ಇಂದು ಮನೆಯಲ್ಲಿ ಗಣಕಯಂತ್ರವಿದ್ದವರಿಗೆ ಈ ಪಟ್ಟಿಗೆ ಒಬ್ಬ ಸಹಾಯಕನೂ ದೊರೆಯುತ್ತಾನೆ. ಕಲರ್ ಪಿಕರ್ ಎಂದು ಅದರ ಹೆಸರು, ನಾವು ವರ್ಣಗ್ರಾಹಿಯೆನ್ನಬಹುದು. ಪರದೆಯ ಮೇಲೆ ಇದರ ಗುರುತು, ಕಣ್ಣಿಗೆ ಮದ್ದಿನ ಹನಿ ಬಿಡುವ ನಳಿಗೆಯ ಚಿತ್ರ. ಚಿತ್ರದ ಯಾವ ಚುಕ್ಕೆಯ ಮೇಲೆ ಇದನ್ನು ಒತ್ತುವೆವೋ ಆ ಚುಕ್ಕೆಯ ಬಣ್ಣವನ್ನು ಮೂರು ಅಂಕಿಗಳಲ್ಲಿ ಹೇಳುತ್ತದೆ. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಕೂಡಿಸಿ ಬಣ್ಣದ ಚಿತ್ರವನ್ನು ತೋರಿಸಬಹುದೆಂದು ಮ್ಯಾಕ್ಸ್‌ವೆಲ್ ಪಂಡಿತನು ೧೮೬೧ರಲ್ಲಿಯೇ ತೋರಿಸಿದ್ದನು. ಗಣಕಯಂತ್ರವು ಒಂದೊಂದು ಬೆಳಕನ್ನೂ ಸಾಮಾನ್ಯವಾಗಿ ೦ಯಿಂದ ೨೫೫ರವರೆಗೆ ಅಳೆಯುತ್ತದೆ. ಹೀಗೆ ಕೂಡುವ ಬಣ್ಣಗಳು ೧,೬೭,೭೭,೨೧೬.

ಇದನ್ನು ಬಳಸುವ ಕ್ರಮವು ಸುಲಭವಾದುದು. ೧೯೯೬ರಲ್ಲಿ ಮೊದಲು ಹೊರಬಂದ ಗಿಂಪ್ ಎಂಬ ಚಿತ್ರತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಎಲೆಯ ಛಾಯಾಚಿತ್ರವನ್ನು ಅದರಲ್ಲಿ ತೆರೆದು ನಳಿಗೆಯ ಗುರುತನ್ನು ಆರಿಸಿಕೊಳ್ಳಬೇಕು. ಒಂದೇ ಚುಕ್ಕೆಯನ್ನು ನಂಬಲಾಗದು. ಅದು ನರದ ಮೇಲೆಯೋ ನೀರಹನಿಯ ಹೊಳಪಿನ ಮೇಲೆಯೋ ಬಿದ್ದಿರಬಹುದು. ಆದುದರಿಂದ ಸುತ್ತಲಿನ ಚುಕ್ಕೆಗಳ ಸರಾಸರಿಯನ್ನು ಕೊಡುವ ಏರ್ಪಾಡನ್ನು ಗೊತ್ತುಮಾಡಿಕೊಂಡು, ಶಿಫ್ಟ್ ಕೀಲಿಯನ್ನು ಹಿಡಿದು ಎಲೆಯ ಮೇಲೆ ಒತ್ತಿದರೆ ಅಂಕಿಗಳ ಪೆಟ್ಟಿಗೆ ತೆರೆಯುವುದು. ಕೆಂಪು ೭೮, ಹಸಿರು ೧೩೦, ನೀಲಿ ೫೨ ಎಂದು ಬಂದಿತೆನ್ನೋಣ. ಅದೇ ಪೆಟ್ಟಿಗೆಯಲ್ಲಿ ಬಣ್ಣದ ಜಾತಿಯನ್ನು ಕೋನವಾಗಿ ಹೇಳುವ ಇನ್ನೊಂದು ಲೆಕ್ಕವೂ ಉಂಟು. ಅದರಲ್ಲಿ ಅಪ್ಪಟ ಹಸಿರು ೧೨೦, ಅಪ್ಪಟ ಹಳದಿ ೬೦. ನಮ್ಮ ಎಲೆಯದು ೧೦೦ ಆಗುತ್ತದೆ. ೧೫೦, ೧೭೦, ೭೦ ಎಂದು ಬಂದ ಎಲೆಯದು ೭೨ ಮಾತ್ರ. ಅದು ಹಳದಿಯ ಕಡೆಗೆ ಸರಿದಿದೆಯೆಂದು ಇದರಿಂದ ತಿಳಿಯುತ್ತದೆ.

ಆದರೆ ಇಲ್ಲಿಯೇ ಮುಖ್ಯವಾದ ಎಚ್ಚರಿಕೆಯಿದೆ. ವರ್ಣಗ್ರಾಹಿಯು ಹೇಳುವುದು ಚಿತ್ರದ ಬಣ್ಣವನ್ನೇ ಹೊರತು ಎಲೆಯ ಬಣ್ಣವನ್ನಲ್ಲ. ಅದೇ ಎಲೆಯು ಸಂಜೆಯ ಹೊಂಬಿಸಿಲಿನಲ್ಲಿ ಒಂದು ಅಂಕಿಯನ್ನೂ ಮೋಡದ ದಿನ ಇನ್ನೊಂದನ್ನೂ ಕೊಟ್ಟೀತು. ಅಂಕಿಯು ಖಚಿತವಾಗಿ ಕಾಣುವುದರಿಂದಲೇ ಮೋಸವು ಹೆಚ್ಚು. ಕಣ್ಣನ್ನು ಸಂದೇಹಿಸುವವರೂ ಅಂಕಿಯನ್ನು ಸಂದೇಹಿಸುವುದಿಲ್ಲ.

ಇದಕ್ಕೆ ಪರಿಹಾರವು ಒಂದು ತುಂಡು ಬಿಳಿಯ ಕಾಗದ. ಎಲೆಯ ಪಕ್ಕದಲ್ಲಿಯೇ, ಅದೇ ನೆರಳಿನಲ್ಲಿ, ಅದನ್ನಿಟ್ಟು ಚಿತ್ರ ತೆಗೆಯಿರಿ. ಮೊದಲು ನಳಿಗೆಯನ್ನು ಕಾಗದದ ಮೇಲೆ ಒತ್ತಿರಿ. ಮೂರು ಅಂಕಿಗಳೂ ಹೆಚ್ಚುಕಡಿಮೆ ಸಮವಾಗಿದ್ದರೆ ಚಿತ್ರದಲ್ಲಿ ಬೆಳಕಿನ ಬಣ್ಣವು ಬೆರೆತಿಲ್ಲ. ೨೪೦, ೨೨೫, ೧೮೦ ಎಂದು ಬಂದರೆ ಹಳದಿ ಬೆಳಕು ಬಿದ್ದಿದೆ. ಮೂರೂ ೨೫೫ ಆದರೆ ಬೆಳಕು ವಿಪರೀತವಾಗಿದೆ. ಎರಡು ಸಂದರ್ಭಗಳಲ್ಲಿಯೂ ಆ ಚಿತ್ರವನ್ನು ಬಿಟ್ಟು ಬೇರೊಂದನ್ನು ತೆಗೆಯುವುದೇ ಮೇಲು. ಎಲೆಬಣ್ಣದ ಪಟ್ಟಿಯನ್ನೂ ಜೊತೆಗಿಟ್ಟರೆ ಇನ್ನೂ ಒಳ್ಳೆಯದು; ಎಲೆಯನ್ನೂ ಪಟ್ಟಿಯ ಮನೆಗಳನ್ನೂ ಒಂದೇ ಚಿತ್ರದಲ್ಲಿ ಹೋಲಿಸಬಹುದು. ವಾರಕ್ಕೊಮ್ಮೆ, ಬೆಳಗಿನ ಒಂದೇ ವೇಳೆಯಲ್ಲಿ ಹೀಗೆ ನೋಡಿ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಟ್ಟರೆ ಗದ್ದೆಯ ಚರಿತ್ರೆಯೇ ಕೈಯಲ್ಲಿರುತ್ತದೆ.

ಗೃಹಿಣಿಯರಿಗೂ ಇದು ಉಪಯುಕ್ತ. ಸಂಡೂರಿನ ಲಂಬಾಣಿ ಕಸೂತಿಯನ್ನು ಮೆಚ್ಚಿ ಅದರ ದಾರಕ್ಕೆ ಹೊಂದುವ ಬಟ್ಟೆಯನ್ನು ದೂರದಿಂದ ತರಿಸುವವರು, ಬಿಳಿಯ ಕಾಗದವನ್ನು ಜೊತೆಗಿಟ್ಟು ತೆಗೆದ ಚಿತ್ರವನ್ನೇ ಕಳುಹಿಸಬೇಕೆಂದು ಕೇಳಿಕೊಂಡರೆ ಎಷ್ಟೋ ಮನಸ್ತಾಪಗಳು ತಪ್ಪುವುವು.

ಕೊನೆಯದಾಗಿ, ಅಂಕಿಯು ಬಣ್ಣವನ್ನು ಹೇಳೀತು, ಕಾರಣವನ್ನು ಹೇಳದು. ಸತುವು ಅಥವಾ ಗಂಧಕದ ಕೊರತೆಯಿಂದಲೂ, ರೋಗದಿಂದಲೂ ಎಲೆಯು ಹಳದಿಯಾಗುವುದುಂಟು. ಅಂಥ ವೇಳೆಯಲ್ಲಿ ಯೂರಿಯಾ ಸುರಿದರೆ ಹಣವೂ ಹೋಗಿ ಪೈರೂ ಕೆಡುತ್ತದೆ. ಆದುದರಿಂದ ಅಂಕಿಯನ್ನು ಸಾಕ್ಷಿಯನ್ನಾಗಿ ಕರೆಯೋಣ. ತೀರ್ಪನ್ನು ಮಾತ್ರ ಮಣ್ಣು, ನೀರು, ಬೇರುಗಳನ್ನು ವಿಚಾರಿಸಿ, ಬಲ್ಲವರನ್ನು ಕೇಳಿ ಕೊಡೋಣ.