ಮುಖ ಯಾರದು, ಉಸಿರು ಯಾರದು?

ಕಲಾವಿದರನ್ನು ಎದುರಿಗೆ ಕೂರಿಸಿಕೊಂಡು "ತಮಗೆ ಬಹಳ ಮೆಚ್ಚಿಗೆಯಾದ ಸಂಗೀತ ಚಿತ್ರ ಯಾವುದು?" ಎಂದು ಕೇಳುವುದು ಸುಲಭ. ಉತ್ತರವಾಗಿ ಒಂದು ಹೆಸರು ಬರುತ್ತದೆ, ಅದರ ಹಿಂದೆಯೇ ತೆರೆಯ ಮೇಲೆ ಚಿತ್ರದ ತುಣುಕೊಂದು ಬರುತ್ತದೆ, ಕಾರ್ಯಕ್ರಮ ಮುಂದೆ ಸಾಗುತ್ತದೆ. ಆದರೆ ಆ ಉತ್ತರದ ಹಿಂದಿನ ಸಂಗತಿ ವೀಕ್ಷಕರಿಗೆ ಸ್ವಲ್ಪ ತಿಳಿದಿದ್ದರೆ ಇಂಥ ಮಾತುಕತೆಯ ಸ್ವಾರಸ್ಯ ಇಮ್ಮಡಿಯಾಗುತ್ತದೆ. ಸಂಗೀತಗಾರರು ಚಿತ್ರ ನೋಡುವ ಕ್ರಮವೇ ಬೇರೆ. ನಾವು ನಾಯಕಿಯ ಕಣ್ಣೀರನ್ನು ನೋಡುತ್ತಿರುವಾಗ ವೈಣಿಕರು ಆಕೆಯ ಎಡಗೈ ಬೆರಳು ಯಾವ ಮೆಟ್ಟಿನ ಮೇಲಿದೆ ಎಂದು ನೋಡುತ್ತಿರುತ್ತಾರೆ. ತಬಲಾ ನುಡಿಸುವವರ ಕಣ್ಣು ಸಮ್ ಬೀಳುವ ಹೊತ್ತಿಗೆ ಕೈ ಎಲ್ಲಿತ್ತು ಎಂಬುದರ ಮೇಲೆ. ಗಾಯಕರಂತೂ ಉಸಿರನ್ನೇ ನೋಡುತ್ತಾರೆ. ಅಷ್ಟು ಉದ್ದದ ತಾನು ಹೊರಡುವ ಮುನ್ನ ಎದೆ ತುಂಬಬೇಕು, ಕತ್ತಿನ ನರ ಬಿಗಿಯಬೇಕು. ತೆರೆಯ ಮೇಲಿನ ಮುಖ ಮಾತ್ರ ಮುಗುಳ್ನಗುತ್ತಾ ಹಾಯಾಗಿದ್ದರೆ ಅವರಿಗೆ ಅಲ್ಲಿಗೇ ರಸಭಂಗ.

ಹೀಗಾಗಿ ಕಲಾವಿದರ ಮೆಚ್ಚುಗೆಯೂ ಬೇಸರವೂ ಬಹುಮಟ್ಟಿಗೆ ಒಂದೇ ಪ್ರಶ್ನೆಯಿಂದ ಹುಟ್ಟುತ್ತವೆ. ಕಾಣುವ ಮುಖ ಯಾರದು, ಕೇಳುವ ಉಸಿರು ಯಾರದು?

ಕಥಾಚಿತ್ರಗಳಲ್ಲಿ ಇವೆರಡೂ ಸಾಮಾನ್ಯವಾಗಿ ಬೇರೆ ಬೇರೆಯವರವು. ಹಿನ್ನೆಲೆ ಗಾಯನದ ಪದ್ಧತಿಯಲ್ಲಿ ಹಾಡು ಮೊದಲು ಸ್ಟುಡಿಯೋದಲ್ಲಿ ಮುದ್ರಣವಾಗುತ್ತದೆ. ಆಮೇಲೆ ಚಿತ್ರೀಕರಣದ ಸ್ಥಳದಲ್ಲಿ ಅದನ್ನು ಧ್ವನಿವರ್ಧಕದಲ್ಲಿ ಹಾಕುತ್ತಾರೆ. ನಟ ಅದಕ್ಕೆ ಸರಿಯಾಗಿ ತುಟಿ ಆಡಿಸುತ್ತಾನೆ. ಒಂದೊಂದು ಸಾಲನ್ನು ಒಂದೊಂದು ಕೋನದಿಂದ ತೆಗೆದು ಕಡೆಗೆ ಜೋಡಿಸುತ್ತಾರೆ. ಪ್ರೇಮಗೀತೆಗೆ ಇದರಿಂದ ಏನೂ ಕುಂದಿಲ್ಲ. ಆದರೆ ಕಥೆಯ ನಾಯಕನೇ ಸಂಗೀತಗಾರನಾದಾಗ ತೊಡಕು ಶುರುವಾಗುತ್ತದೆ.

1952ರಲ್ಲಿ ಬಂದ ವಿಜಯ್ ಭಟ್ಟರ 'ಬೈಜು ಬಾವ್ರಾ' ಚಿತ್ರವನ್ನೇ ನೋಡಿ. ಹಿಂದೂಸ್ತಾನಿ ಸಂಗೀತದವರ ನೆನಪಿನಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ನೌಷಾದರ ಸಂಗೀತ ನಿರ್ದೇಶನದಲ್ಲಿ ತಾನ್‌ಸೇನನಿಗೆ ಉಸ್ತಾದ್ ಅಮೀರ್ ಖಾನರೂ ಬೈಜುವಿಗೆ ಪಂಡಿತ್ ಡಿ.ವಿ. ಪಲುಸ್ಕರರೂ ಹಾಡಿದರು. ದೇಸಿ ರಾಗದ ಆ ಜುಗಲ್‌ಬಂದಿಯಲ್ಲಿ ತೆರೆಯ ಮೇಲೆ ಕಾಣುವವರು ಸುರೇಂದ್ರ ಮತ್ತು ಭಾರತ್ ಭೂಷಣ್. ಸುರೇಂದ್ರ ಸ್ವತಃ ಹಾಡಿ ಹೆಸರಾಗಿದ್ದ ನಟ. ಅಂಥವರೂ ಇಲ್ಲಿ ಇನ್ನೊಬ್ಬರ ದನಿಗೆ ತುಟಿ ಸೇರಿಸಿದರು. ಪಲುಸ್ಕರರು 1955ರಲ್ಲಿ, ಇನ್ನೂ ಮೂವತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಊರೂರಿನ ಚಿತ್ರಮಂದಿರಗಳಲ್ಲಿ ಜನ ಅವರ ಗಾಯನ ಕೇಳಿದ್ದಾರೆ, ಆದರೆ ಅವರು ಹಾಡುವುದನ್ನು ಆ ತೆರೆಯ ಮೇಲೆ ಕಂಡವರಿಲ್ಲ. ಗಾಯಕರೊಬ್ಬರು ಈ ಚಿತ್ರವನ್ನು ತಮ್ಮ ಮೆಚ್ಚಿನದೆಂದು ಹೇಳಿದರೆ ಬಹುಶಃ ಅವರು ಕಣ್ಣು ಮುಚ್ಚಿಕೊಂಡು ನೋಡಿದ ಚಿತ್ರ ಅದು.

ನಮ್ಮ ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿಗೆ ಈ ಬಾಬ್ತಿನಲ್ಲಿ ವಿಚಿತ್ರವಾದ ಭಾಗ್ಯ ಒದಗಿತು. ಅದನ್ನು ಆಧರಿಸಿ 1956ರಲ್ಲಿ ಹಿಂದಿಯಲ್ಲಿ 'ಬಸಂತ್ ಬಹಾರ್' ಬಂತು. ಅಲ್ಲಿನ ಸ್ಪರ್ಧೆಯ ಹಾಡಿನಲ್ಲಿ ಪಂಡಿತ್ ಭೀಮಸೇನ ಜೋಶಿಯವರೆದುರು ಮನ್ನಾ ಡೇ ಹಾಡಬೇಕಿತ್ತು, ಹಾಡುವುದಷ್ಟೇ ಅಲ್ಲ, ಕಥೆಯ ಪ್ರಕಾರ ಗೆಲ್ಲಬೇಕಿತ್ತು! ಈ ವಿಷಯ ತಿಳಿದು ತಾವು ಎಷ್ಟು ಅಳುಕಿದ್ದರೆಂಬುದನ್ನು ಮನ್ನಾ ಡೇ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹತ್ತೊಂಬತ್ತು ವರ್ಷಗಳ ನಂತರ, 1975ರಲ್ಲಿ, ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಕನ್ನಡದಲ್ಲಿ ತೆರೆಗೆ ತಂದರು. ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತನಾಗ್ ಕಾಣಿಸಿಕೊಂಡರು, ಕಂಠ ಬಾಲಮುರಳಿಕೃಷ್ಣರದು. ಆ ಗಾಯನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಹಿಂದಿಯದರಲ್ಲಿ ಸಂಗೀತ ಕಥೆಗೆ ಒಡವೆಯಾಗಿದೆ, ಕನ್ನಡದಲ್ಲಿ ಕಥೆಯೇ ಸಂಗೀತಕ್ಕಾಗಿ ಆಗಾಗ ನಿಂತು ಕಾಯುತ್ತದೆ. ಈ ಕಾಯುವಿಕೆಯನ್ನು 'ನಿಧಾನ' ಎಂದು ದೂರಿದವರುಂಟು. ರಾಗವನ್ನು ಬಲ್ಲವರು ಹಾಗೆ ದೂರಲಾರರು. ಇದಕ್ಕೂ ಮುಂಚೆ, 1966ರಲ್ಲಿ, ಅ.ನ.ಕೃ. ಅವರ ಕಾದಂಬರಿಯಿಂದ ಬಂದ 'ಸಂಧ್ಯಾರಾಗ' ಚಿತ್ರಕ್ಕೆ ಭೀಮಸೇನರೂ ಬಾಲಮುರಳಿಯವರೂ ಇಬ್ಬರೂ ಹಾಡಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಮುಖವೂ ದನಿಯೂ ಒಬ್ಬರದೇ ಆದ ಕಥಾಚಿತ್ರಗಳೂ ಇವೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ 'ಮೀರಾ' 1945ರಲ್ಲಿ ತಮಿಳಿನಲ್ಲಿ ಬಂತು, 1947ರಲ್ಲಿ ಹಿಂದಿಯಲ್ಲಿ. ಅಭಿನಯದ ದೃಷ್ಟಿಯಿಂದ ಅದರಲ್ಲಿ ಕುಂದು ಹುಡುಕಬಹುದು. ಹಾಡುವಾಗಿನ ಆ ಮುಖದಲ್ಲಿ ಮಾತ್ರ ಹುಡುಕಲಾಗದು. ಸ್ವರ ಎಲ್ಲಿಂದ ಹೊರಡುತ್ತದೆಂಬುದನ್ನು ಅರಿತ ಮುಖ ಅದು.

ಒಬ್ಬ ಕಲಾವಿದನ ಉಸಿರು ಎಷ್ಟು ಮುಖಗಳಲ್ಲಿ ಹಾದುಬರಬಹುದೆಂಬುದಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ ಒಳ್ಳೆಯ ನಿದರ್ಶನ. ಸತ್ಯಜಿತ್ ರಾಯ್ ಅವರ 'ಜಲಸಾಘರ್' (1958) ಚಿತ್ರದಲ್ಲಿ ಅವರ ವಾದನವಿದೆ. ಮರುವರ್ಷ ಬಂದ 'ಗೂಂಜ್ ಉಠೀ ಶಹನಾಯಿ'ಯಲ್ಲಿ ಅವರ ವಾದನಕ್ಕೆ ರಾಜೇಂದ್ರ ಕುಮಾರ್ ಮುಖವಾದರು. 1977ರಲ್ಲಿ ನಮ್ಮ 'ಸನಾದಿ ಅಪ್ಪಣ್ಣ'ನಿಗಾಗಿ ಖಾನ್ ಸಾಹೇಬರು ನುಡಿಸಿದರು, ಡಾ. ರಾಜಕುಮಾರ್ ಸನಾದಿ ಹಿಡಿದರು. ಶಹನಾಯಿ ಅಭಿನಯಕ್ಕೆ ಸುಲಭವಾದ ವಾದ್ಯವಲ್ಲ. ವೀಣೆಯಾದರೆ ಕೈಯನ್ನು ಮರೆಮಾಡಿ ಮುಖವನ್ನಷ್ಟೇ ತೋರಿಸಬಹುದು. ಶಹನಾಯಿ ಇರುವುದೇ ಮುಖದಲ್ಲಿ. ಕೆನ್ನೆ ಉಬ್ಬಬೇಕು, ತುಟಿ ಬಿಗಿಯಬೇಕು, ಬೆರಳು ರಂಧ್ರಗಳ ಮೇಲೆ ಸರಿಯಾಗಿ ಎದ್ದು ಕೂರಬೇಕು. ರಾಜಕುಮಾರ್ ಆ ಬೆರಳು, ಕೆನ್ನೆಗಳ ಚಲನೆಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದವರಂತೆ ಕಾಣುತ್ತಾರೆ. ಚಿತ್ರವನ್ನು ಮತ್ತೊಮ್ಮೆ ನೋಡುವಾಗ ಹಾಡನ್ನು ಬಿಟ್ಟು ಬೆರಳುಗಳನ್ನಷ್ಟೇ ಗಮನಿಸಿ. ಕಡೆಗೆ 1989ರಲ್ಲಿ ಗೌತಮ್ ಘೋಷ್ ಅವರು ಖಾನ್ ಸಾಹೇಬರ ಮೇಲೆಯೇ 'ಸಂಗ್-ಎ-ಮೀಲ್ ಸೇ ಮುಲಾಕಾತ್' ಎಂಬ ಸಾಕ್ಷ್ಯಚಿತ್ರ ತೆಗೆದರು. ಅಲ್ಲಿ ಕಾಶಿಯೂ ಇದೆ, ಉಸ್ತಾದರ ಮಾತೂ ಇದೆ. ಉಬ್ಬುವ ಆ ಕೆನ್ನೆ ಅವರದೇ.

ಹಾಗಾದರೆ ಸಾಕ್ಷ್ಯಚಿತ್ರದಲ್ಲಿ ಎಲ್ಲವೂ ಸರಿಹೋಗುತ್ತದೆಯೆ? ಮುಖದ ತೊಡಕು ತೀರುತ್ತದೆ, ಕಾಲದ ತೊಡಕು ಎದುರಾಗುತ್ತದೆ. ಹಳೆಯ 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರೂವರೆ ನಿಮಿಷ. ಫಿಲ್ಮ್ ಕ್ಯಾಮೆರಾದ ಸ್ಥಿತಿ ಅದಕ್ಕಿಂತ ತುಸು ಮೇಲು. 35 ಮಿ.ಮೀ. ಫಿಲ್ಮಿನ ಸಾವಿರ ಅಡಿಯ ರೀಲು ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ, 16 ಮಿ.ಮೀ.ನ ನಾನೂರು ಅಡಿಯೂ ಅಷ್ಟೇ. ಆಲಾಪದಲ್ಲಿ ಗಾಯಕ ಮಂದ್ರದಿಂದ ಮೇಲೇಳುವ ಹೊತ್ತಿಗೆ ರೀಲು ತೀರಿರುತ್ತದೆ. ಜೊತೆಗೆ ಫಿಲ್ಮ್ ದುಬಾರಿ, ಕ್ಯಾಮೆರಾದ ಸದ್ದು ಬೇರೆ. ಅದಕ್ಕಾಗಿಯೇ ಅಂದಿನ ಬಹುಪಾಲು ಕಿರುಚಿತ್ರಗಳಲ್ಲಿ ಕಲಾವಿದ ಹಾಡಲು ಬಾಯಿ ತೆರೆದೊಡನೆ ವಿವರಣೆಯ ದನಿ ಮೇಲೇರುತ್ತದೆ: ಹುಟ್ಟಿದ ಊರು, ಗುರುಗಳ ಹೆಸರು, ಬಂದ ಪ್ರಶಸ್ತಿ. ಕಲಾವಿದರನ್ನು ಕೇಳಿದರೆ ಅವರ ದೊಡ್ಡ ದೂರು ಇದೇ. ಪ್ರಶಸ್ತಿಯ ಪಟ್ಟಿ ಪುಸ್ತಕದಲ್ಲಿ ಸಿಗುತ್ತದೆ, ಆ ಷಡ್ಜ ಎಲ್ಲಿ ಸಿಕ್ಕೀತು?

ಮಣಿ ಕೌಲ್ ಅವರ 'ಧ್ರುಪದ್' (1982) ಈ ದೂರಿಗೆ ಒಂದು ಉತ್ತರ. ರುದ್ರವೀಣೆಯ ಜಿಯಾ ಮೊಹಿಯುದ್ದೀನ್ ಡಾಗರ್, ಅವರ ತಮ್ಮ ಗಾಯಕ ಜಿಯಾ ಫರೀದುದ್ದೀನ್ ಡಾಗರ್ ಇಬ್ಬರೂ ಅದರಲ್ಲಿದ್ದಾರೆ. ನಿರ್ದೇಶಕರು ಸ್ವತಃ ಧ್ರುಪದ್ ಕಲಿತವರು. ಆದ್ದರಿಂದಲೇ ಕ್ಯಾಮೆರಾಕ್ಕೆ ಅವಸರವಿಲ್ಲ. ಸ್ವರ ನಿಂತಲ್ಲಿ ತಾನೂ ನಿಲ್ಲುತ್ತದೆ, ಮೀಂಡ್ ಜಾರಿದರೆ ತಾನೂ ಕಲ್ಲಿನ ಗೋಡೆಯ ಮೇಲೆ ಜಾರುತ್ತದೆ. ಕೊನೆಯಲ್ಲಿ ಮುಂಬಯಿ ನಗರದ ಮೇಲೆ ಬಹು ಹೊತ್ತು ಸಾಗುವ ಒಂದೇ ನೋಟವಿದೆ. ಬೇಸರ ಬಂದವರು ಎದ್ದು ಹೋಗಬಹುದು. ಕೂತವರಿಗೆ ಆಲಾಪವೆಂದರೇನೆಂಬುದು ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಅದೇ ನಿರ್ದೇಶಕರ 'ಸಿದ್ಧೇಶ್ವರಿ' (1989) ಇನ್ನೂ ಕಷ್ಟದ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತದೆ. ಠುಮ್ರಿ ಗಾಯಕಿ ಸಿದ್ಧೇಶ್ವರಿ ದೇವಿ 1977ರಲ್ಲೇ ತೀರಿಹೋಗಿದ್ದರು. ಹನ್ನೆರಡು ವರ್ಷ ತಡವಾಗಿ ಹೋದ ಕ್ಯಾಮೆರಾ ಏನನ್ನು ತೋರಿಸಬೇಕು? ನಟಿ ಮೀತಾ ವಸಿಷ್ಠ ಆ ಪಾತ್ರವಾಗುತ್ತಾರೆ, ಕಾಶಿಯ ಓಣಿಗಳು, ಗಂಗೆ, ದೋಣಿಗಳು ಬರುತ್ತವೆ. ಕಡೆಯಲ್ಲಿ ಆ ನಟಿ ದೂರದರ್ಶನ ಪೆಟ್ಟಿಗೆಯೊಂದರ ಮುಂದೆ ಕೂತು ಹಳೆಯ ಕಪ್ಪುಬಿಳುಪು ದೃಶ್ಯದಲ್ಲಿ ಹಾಡುತ್ತಿರುವ ನಿಜವಾದ ಸಿದ್ಧೇಶ್ವರಿ ದೇವಿಯನ್ನು ನೋಡುತ್ತಾಳೆ. ಅಷ್ಟು ಹೊತ್ತೂ ನಾವು ಮುಖ ಒಂದು ಕಡೆ, ಉಸಿರು ಒಂದು ಕಡೆ ಎಂದುಕೊಂಡಿದ್ದುದನ್ನು ನಿರ್ದೇಶಕರು ಬಚ್ಚಿಡುವುದಿಲ್ಲ, ಎರಡನ್ನೂ ಎದುರುಬದುರು ಕೂರಿಸಿಬಿಡುತ್ತಾರೆ. ಯಾವತ್ತೋ ತೆಗೆದಿಟ್ಟ ಒಂದು ತುಣುಕು ಉಳಿದಿದ್ದರಿಂದ ಇದು ಸಾಧ್ಯವಾಯಿತು.

ಉಳಿಯುವುದು, ಉಳಿಯದಿರುವುದು ಎಂಬ ಮಾತು ಬಂದಾಗ ನೃತ್ಯ ಕಲಾವಿದರು ತಪ್ಪದೆ ಎತ್ತಬಹುದಾದ ಹೆಸರು ರಾಯ್ ಅವರ 'ಬಾಲಾ'. ಭರತನಾಟ್ಯದ ಬಾಲಸರಸ್ವತಿಯವರ ಮೇಲಿನ 33 ನಿಮಿಷದ ಚಿತ್ರ. ರಾಯ್ ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ, 1935ರಲ್ಲಿ, ಕಲ್ಕತ್ತೆಯಲ್ಲಿ ಬಾಲಾ ಅವರ ನೃತ್ಯ ನೋಡಿದ್ದರು. 1966ರಲ್ಲಿ ಚಿತ್ರ ಮಾಡುವ ಯೋಚನೆ ಬಂತು. ಚಿತ್ರೀಕರಣವಾದದ್ದು 1976ರಲ್ಲಿ. ಆ ಹೊತ್ತಿಗೆ ಬಾಲಾ ಅವರಿಗೆ ಐವತ್ತೆಂಟು. ನರ್ತಕಿಯೊಬ್ಬಳ ದೇಹದಲ್ಲಿ ಹತ್ತು ವರ್ಷವೆಂದರೆ ಎಷ್ಟು ಎಂಬುದನ್ನು ನೃತ್ಯ ಮಾಡುವವರನ್ನೇ ಕೇಳಬೇಕು.

ಕನ್ನಡಿಗರಿಗೆ ಈ ಚಿತ್ರದಲ್ಲಿ ಬೇರೆಯೇ ಒಂದು ಸಂತೋಷವಿದೆ. ಬಾಲಾ ಅವರು ಕಡಲ ತೀರದಲ್ಲಿ ಅಭಿನಯಿಸುವುದು ವ್ಯಾಸರಾಯರ ದೇವರನಾಮವನ್ನು, ಬಾಲಕೃಷ್ಣನನ್ನು ಬಳಿಗೆ ಕರೆಯುವ ಯಮುನಾಕಲ್ಯಾಣಿಯ ಆ ಪ್ರಸಿದ್ಧ ರಚನೆಯನ್ನು. ತಮಿಳು ಕಲಾವಿದೆ, ಬಂಗಾಳಿ ನಿರ್ದೇಶಕ, ಕನ್ನಡದ ಪದ. ಹಿಂದೆ ಅಲೆಗಳು, ಗಾಳಿಗೆ ಹಾರುವ ಸೀರೆ. ಈ ಗಾಳಿಯ ವಿಷಯದಲ್ಲಿ ಬಲ್ಲವರೇ ಎರಡು ಪಂಗಡವಾಗಿದ್ದಾರೆ. ಅಭಿನಯದ ಸೂಕ್ಷ್ಮಕ್ಕೆ ಬೇಕಾದದ್ದು ಚಿಕ್ಕ ಜಾಗ, ಸ್ಥಿರವಾದ ಬೆಳಕು, ಬಯಲಿನ ಗಾಳಿಯಲ್ಲಿ ಕಣ್ಣಿನ ಕೆಲಸ ಕೆಡುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೂ ಸೆರಗು ಹಾರುತ್ತಿರುವಾಗ ಅದನ್ನು ಲೆಕ್ಕಿಸದೆ ಮಗುವನ್ನು ಕರೆಯುತ್ತಲೇ ಇರುವ ತಾಯಿಯ ಆ ಕೈ ನನಗೆ ಯಾವ ವೇದಿಕೆಯಲ್ಲೂ ಸಿಗದ ನೋಟವೆನಿಸುತ್ತದೆ. ಬಾಲಸರಸ್ವತಿ 1984ರಲ್ಲಿ ನಿಧನರಾದರು. 1976ರಲ್ಲೂ ಕ್ಯಾಮೆರಾ ಹೋಗದಿದ್ದರೆ ಚರ್ಚಿಸಲು ಗಾಳಿಯೂ ಇರುತ್ತಿರಲಿಲ್ಲ.

ನಮ್ಮ ಕಡೆಯ ಇಬ್ಬರು ದಿಗ್ಗಜರ ಮೇಲೂ ಗಮನಾರ್ಹ ಚಿತ್ರಗಳಿವೆ. ಭೀಮಸೇನ ಜೋಶಿಯವರ ಮೇಲೆ ಗುಲ್ಜಾರ್ ಮಾಡಿದ್ದು ಒಂದು. ಮಲ್ಲಿಕಾರ್ಜುನ ಮನಸೂರರ ಮೇಲೆ ನಂದನ್ ಕುಧ್ಯಾಡಿಯವರ 'ರಸಯಾತ್ರಾ' (1994) ಇನ್ನೊಂದು. ಇದಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ಮನಸೂರರ 'ನನ್ನ ರಸಯಾತ್ರೆ' ಎಂಬ ಆತ್ಮಕಥೆಯನ್ನು ಓದಿ ಚಿತ್ರ ನೋಡಿದರೆ ಒಳ್ಳೆಯದು. ಅಪರೂಪದ ರಾಗಗಳನ್ನು ಅಷ್ಟು ಸಲೀಸಾಗಿ ಹಾಡುತ್ತಿದ್ದ ಆ ಧಾರವಾಡದ ಹಿರಿಯರು 1992ರಲ್ಲಿ ತೀರಿಕೊಂಡರು.

ಈಗ ಮಾತುಕತೆಯ ವಿಷಯಕ್ಕೆ ಬರೋಣ. ಕಲಾವಿದರಿಂದ ಚಿತ್ರದ ಹೆಸರಿಗಿಂತ ಹೆಚ್ಚಿನದನ್ನು ಪಡೆಯಬೇಕಾದರೆ ಪ್ರಶ್ನೆಯನ್ನೇ ಬದಲಿಸಬೇಕು. "ಯಾವ ಚಿತ್ರ?" ಎನ್ನುವುದಕ್ಕಿಂತ "ಆ ಚಿತ್ರದಲ್ಲಿ ತಾವು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ನೋಡುವ ಜಾಗ ಯಾವುದು?" ಎನ್ನಬೇಕು. ಆಗ ಮೃದಂಗದವರು ಒಂದು ಮುಕ್ತಾಯವನ್ನು ಹೇಳುತ್ತಾರೆ, ಗಾಯಕಿ ಒಂದು ಉಸಿರನ್ನು. ಸಾಧ್ಯವಾದರೆ ತುಣುಕನ್ನು ಅವರ ಮುಂದೆಯೇ ಹಾಕಿ, ಅವರು ನೋಡುತ್ತಿರುವಾಗ ಮಾತಾಡಿಸಬೇಕು. ಆ ಹೊತ್ತಿನಲ್ಲಿ ಅವರ ಬೆರಳು ತಾವಾಗಿಯೇ ತೊಡೆಯ ಮೇಲೆ ತಾಳ ಹಾಕುವುದನ್ನು ಕ್ಯಾಮೆರಾ ಹಿಡಿದರೆ ಅದೇ ಒಂದು ಚಿಕ್ಕ ಸಂಗೀತ ಚಿತ್ರ. ತಮ್ಮ ಗುರುಗಳು ಹಾಡುವ ದೃಶ್ಯ ಎಲ್ಲಾದರೂ ಇದೆಯೆ ಎಂದು ಕೇಳಲೂ ಮರೆಯಬಾರದು. ಅನೇಕರಿಗೆ ಉಳಿದಿರುವುದು ಗೋಡೆಯ ಮೇಲಿನ ಒಂದು ಭಾವಚಿತ್ರ ಮಾತ್ರ.

ದೂರದರ್ಶನ ನಮ್ಮ ಮನೆಗಳಿಗೆ ಬಂದ ಮೇಲೆ ಎಷ್ಟೋ ಕಲಾವಿದರು ಕ್ಯಾಮೆರಾದ ಮುಂದೆ ಕೂತಿದ್ದಾರೆ. ಆದರೆ ವಿಡಿಯೋ ಟೇಪಿಗೆ ಒಂದು ಶಾಪವಿದೆ: ಅದರ ಮೇಲೆ ಇನ್ನೊಂದನ್ನು ಮುದ್ರಿಸಬಹುದು. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಜಗತ್ತಿನ ಎಷ್ಟೋ ಟೆಲಿವಿಷನ್ ಸಂಸ್ಥೆಗಳು ಹಳೆಯ ಕಾರ್ಯಕ್ರಮಗಳನ್ನು ಹಾಗೆ ಅಳಿಸಿದವು. ಉಳಿದವುಗಳಿಗೂ ತೇವ, ಬೂಷ್ಟು, ಅಂಟಿಕೊಳ್ಳುವ ಸುರುಳಿಗಳ ಕಾಟ. ಮದುವೆಯ ಕಚೇರಿಯನ್ನೋ ಊರ ಜಾತ್ರೆಯ ಓಲಗವನ್ನೋ ಎಂದೋ ವಿಡಿಯೋ ಮಾಡಿಸಿ ಬೀರುವಿನ ಮೇಲಿಟ್ಟ ವೀಕ್ಷಕರು ನಮ್ಮಲ್ಲಿ ಅನೇಕರಿರಬಹುದು. ಆ ಕ್ಯಾಸೆಟ್ಟನ್ನು ಕೆಳಗಿಳಿಸಿ, ನುಡಿಸಿದವರ ಹೆಸರು, ಊರು, ವರ್ಷ, ನೆನಪಿದ್ದರೆ ರಾಗ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಹಾಕಿ ನೋಡುವ ಆತುರ ಬೇಡ. ವರ್ಷಗಟ್ಟಲೆ ಮುಟ್ಟದ ಟೇಪು ಬೂಷ್ಟು ಹಿಡಿದಿದ್ದರೆ ಯಂತ್ರದಲ್ಲಿ ಸಿಕ್ಕಿ ಹರಿಯುತ್ತದೆ. ಮೊದಲು ತಿಳಿದವರಿಂದ ಶುಚಿ ಮಾಡಿಸಿ, ಆಮೇಲೆ ಡಿಜಿಟಲ್ ಪ್ರತಿ ತೆಗೆಸಿ.