ದುಡ್ಡು ಕೊಟ್ಟು ಕೊಳ್ಳೋ ಬಡ್ತಿ

ಮಾರ್ಚ್ ತಿಂಗಳು ಬಂತು ಅಂದ್ರೆ ಇಲ್ಲಿ ಆಫೀಸುಗಳಲ್ಲಿ ಅರ್ಧಕ್ಕರ್ಧ ಕೆಲಸ ನಿಂತ ಹಾಗೇ. ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟ್ ಶುರುವಾಗಿ, ಚೆಂಡು ಮುಟ್ಟಿ ಗೊತ್ತಿಲ್ಲದವರೂ ಬ್ರ್ಯಾಕೆಟ್ ತುಂಬಿಸ್ತಾ ಕೂತಿರ್ತಾರೆ. 2023ರ ಮಾರ್ಚಿನಲ್ಲಿ ಆ ಬ್ರ್ಯಾಕೆಟ್ಟುಗಳನ್ನೆಲ್ಲ ಚಿಂದಿ ಮಾಡಿದ್ದು ನ್ಯೂ ಜೆರ್ಸಿಯ ಫೇರ್ಲೀ ಡಿಕಿನ್ಸನ್ ಅನ್ನೋ ಪುಟ್ಟ ತಂಡ. ಹದಿನಾರನೇ ಶ್ರೇಯಾಂಕದ ಈ ಹುಡುಗರು ಒಂದನೇ ಶ್ರೇಯಾಂಕದ ಪರ್ಡ್ಯೂವನ್ನು 63-58ರಲ್ಲಿ ಮಣ್ಣು ಮುಕ್ಕಿಸಿಬಿಟ್ಟರು. ಪುರುಷರ ಟೂರ್ನಿಯಲ್ಲಿ ಹಾಗಾಗಿದ್ದು ಅದು ಎರಡನೇ ಸಲ ಮಾತ್ರ.

ಆದರೆ ಈ ಕಥೆಯಲ್ಲಿ ಒಂದು ತಮಾಷೆ ಇದೆ ನೋಡಿ. ಅದಕ್ಕೆ ಹತ್ತು ದಿನ ಮುಂಚೆ ಇದೇ ತಂಡ ತಮ್ಮ ಲೀಗಿನ ಫೈನಲ್‌ನಲ್ಲಿ 67-66ರಲ್ಲಿ ಸೋತಿತ್ತು! ಗೆದ್ದಿದ್ದು ಮ್ಯಾಸಚೂಸೆಟ್ಸಿನ ಮೆರಿಮ್ಯಾಕ್ ಕಾಲೇಜು. ಮತ್ತೆ ಗೆದ್ದವರು ಮನೇಲಿ, ಸೋತವರು ಟೂರ್ನಿಯಲ್ಲಿ... ಇದ್ಯಾವ ನ್ಯಾಯ ಅಂತೀರಾ?

ಮೆರಿಮ್ಯಾಕ್ 2019ರವರೆಗೆ ಎರಡನೇ ಡಿವಿಷನ್ನಿನಲ್ಲಿತ್ತು. ಅಲ್ಲಿಂದ ಒಂದನೇ ಡಿವಿಷನ್ನಿಗೆ ಬರೋ ಕಾಲೇಜುಗಳಿಗೆ ಎನ್‌ಸಿಎಎ ನಾಲ್ಕು ವರ್ಷ ಒಂಥರಾ ವನವಾಸ ವಿಧಿಸುತ್ತಿತ್ತು. ಲೀಗಿನಲ್ಲಿ ಆಡಬಹುದು, ಗೆಲ್ಲಬಹುದು, ಕಪ್ಪೂ ಎತ್ತಬಹುದು, ಆದರೆ ರಾಷ್ಟ್ರೀಯ ಟೂರ್ನಿಗೆ ಮಾತ್ರ ಹೋಗೋ ಹಾಗಿಲ್ಲ. ಹಾಗಾಗಿ ಫೈನಲ್ ಆಡೋ ಮೊದಲೇ ಫೇರ್ಲೀ ಡಿಕಿನ್ಸನ್ ಹುಡುಗರಿಗೆ ಸೋತರೂ ಟಿಕೆಟ್ ನಮ್ಮದೇ ಅಂತ ಗೊತ್ತಿತ್ತು. ಇಂಥದ್ದೇ ಪಾಡು ಹಿಂದಿನ ವರ್ಷ, 2022ರಲ್ಲಿ, ಕೆಂಟಕಿಯ ಬೆಲ್ಲರ್ಮೀನ್‌ಗೂ ಆಗಿತ್ತು.

ನಮ್ಮ ಕಡೆಯ ಕ್ರಿಕೆಟ್ ನೋಡಿದವರಿಗೆ ಬಡ್ತಿ ಅಂದ್ರೆ ಒಂದೇ ಅರ್ಥ. ರಣಜಿಯ ಪ್ಲೇಟ್ ಗುಂಪಿನಲ್ಲಿ ಗೆದ್ದವರು ಮೇಲೆ ಹೋಗ್ತಾರೆ, ಮೇಲೆ ಸೋತು ಸುಣ್ಣವಾದವರು ಕೆಳಗೆ ಬರ್ತಾರೆ. ಇಂಗ್ಲೆಂಡಿನ ಫುಟ್‌ಬಾಲ್ ಕೂಡ ಅಷ್ಟೇ. ಅಮೇರಿಕದ ಕಾಲೇಜುಗಳಲ್ಲಿ ಹಾಗಲ್ಲ ಸ್ವಾಮಿ. ಇಲ್ಲಿ ಎಷ್ಟು ಗೆದ್ದರೂ ತಾನಾಗಿ ಯಾರೂ ಮೇಲೆ ಕರ್ಕೊಳ್ಳಲ್ಲ. ಯಾವುದಾದರೂ ಲೀಗು ಬಾ ಅಂತ ಕರೀಬೇಕು, ಅರ್ಜಿ ಹಾಕ್ಬೇಕು, ಫೀಸು ಕಟ್ಟಬೇಕು, ಆಮೇಲೆ ಕಾಯಬೇಕು. ಫುಟ್‌ಬಾಲಿನಲ್ಲಿ ಎಫ್‌ಸಿಎಸ್‌ನಿಂದ ಎಫ್‌ಬಿಎಸ್‌ಗೆ ಏರೋದಕ್ಕೆ ಮೊದಲು ಅರ್ಜಿ ಶುಲ್ಕ 5 ಸಾವಿರ ಡಾಲರ್ ಇತ್ತು. 2023ರಲ್ಲಿ ಅದನ್ನ ಒಂದೇ ಏಟಿಗೆ 50 ಲಕ್ಷ ಡಾಲರ್ ಮಾಡಿದರು! ಸಾವಿರ ಪಟ್ಟು. ಪೆಟ್ರೋಲ್ ಬೆಲೆ ಏರಿದ್ರೆ ಬಂದ್ ಮಾಡೋ ನಮ್ಮೂರಿನವರು ಇದನ್ನ ಕೇಳಿದ್ರೆ ಏನಂತಿದ್ರೋ.

ಇಷ್ಟೆಲ್ಲ ಯಾಕೆ ಬೇಕು ಅಂದ್ರೆ ಅಪಲಾಚಿಯನ್ ಸ್ಟೇಟ್ ಕಡೆ ಬೆರಳು ತೋರಿಸ್ತಾರೆ. ನಾರ್ತ್ ಕ್ಯಾರೊಲೈನಾದ ಬೆಟ್ಟಗಳ ನಡುವಿನ ಈ ಕಾಲೇಜು 2007ರ ಸೆಪ್ಟೆಂಬರ್ ಒಂದರಂದು ಐದನೇ ಶ್ರೇಯಾಂಕದ ಮಿಶಿಗನ್‌ನ್ನು ಅವರ ಮನೆಯಂಗಳದಲ್ಲೇ 34-32ರಲ್ಲಿ ಸೋಲಿಸಿತು. ಆ ಆಟಕ್ಕೆ ಬರೋದಕ್ಕೆ ಅವರಿಗೆ 4 ಲಕ್ಷ ಡಾಲರ್ ಕೊಟ್ಟಿದ್ದೂ ಮಿಶಿಗನ್ನೇ. ಸುಲಭದ ತುತ್ತು ಅಂತ ದುಡ್ಡು ಕೊಟ್ಟು ಕರೆಸಿಕೊಂಡು ಏಟು ತಿಂದರು. 2014ರಲ್ಲಿ ಅಪಲಾಚಿಯನ್ ಸ್ಟೇಟ್ ಮೇಲಿನ ಮೆಟ್ಟಿಲು ಹತ್ತಿತು. 2022ರಲ್ಲಿ ಟೆಕ್ಸಸ್ ಎ ಅಂಡ್ ಎಂ ಇವರನ್ನ ಕರೆಸಿಕೊಂಡು 15 ಲಕ್ಷ ಡಾಲರ್ ಕೊಟ್ಟಿತು, 17-14ರಲ್ಲಿ ಸೋತಿತು ಕೂಡಾ. ಬಡ್ತಿಯ ಸುಖ ಅಂದ್ರೆ ಇದು.

ಆದರೆ ಎಲ್ಲರಿಗೂ ಈ ಸುಖ ಇಲ್ಲ. ಐಡಹೋ ವಿಶ್ವವಿದ್ಯಾಲಯ 1996ರಲ್ಲಿ ಮೇಲೆ ಹೋಯ್ತು. ಇಪ್ಪತ್ತು ವರ್ಷ ಏಗಿ, ಇದ್ದ ಲೀಗು ಕೈಬಿಟ್ಟ ಮೇಲೆ, 2018ರಲ್ಲಿ ವಾಪಸ್ ಕೆಳಗೆ ಬಂತು. ಆಗ ಅಲ್ಲಿನ ಅಭಿಮಾನಿಗಳು ಎಷ್ಟು ಕೂಗಾಡಿದರೋ ಬಿಡಿ, ನನಗಂತೂ ಅದು ಈ ವಿಚಾರದಲ್ಲಿ ಯಾರೋ ಒಬ್ಬರು ಲೆಕ್ಕ ಹಾಕಿ ತಗೊಂಡ ತೀರ್ಮಾನ ಅನ್ನಿಸಿತ್ತು.

ಲೆಕ್ಕ ಅಂದೆನಲ್ಲ, ಈ ಲೆಕ್ಕ ನಮ್ಮಂಥವರ ಮನೆಗೂ ಬರುತ್ತೆ. ಪರಿಚಯದ ಮೈಸೂರಿನವರೊಬ್ಬರು ಊಟಕ್ಕೆ ಬಂದಾಗ ಮಗಳ ಕಾಲೇಜು ಬಿಲ್ಲನ್ನ ಫೋನಿನಲ್ಲಿ ತೋರಿಸಿದರು. "ನೋಡ್ರೀ, ಇವಳು ಬಯಾಲಜಿ ಓದ್ತಾಳೆ, ಒಂದು ದಿನಾನೂ ಫುಟ್‌ಬಾಲ್ ಮ್ಯಾಚಿಗೆ ಹೋದೋಳಲ್ಲ. ಈ ಅಥ್ಲೆಟಿಕ್ಸ್ ಫೀಸು ನಾನ್ಯಾಕೆ ಕಟ್ಟಬೇಕು?" ನನ್ನ ಹತ್ರ ಉತ್ತರ ಇರ್ಲಿಲ್ಲ, ಸಾರು ಬಡಿಸಿದೆ.

ಅವರ ಪ್ರಶ್ನೆ ಸಣ್ಣದಲ್ಲ. ಟಿವಿಯ ಕೋಟಿಗಳು ಬರೋದು ದೊಡ್ಡ ಲೀಗುಗಳಿಗೆ. ಮಧ್ಯದಲ್ಲಿರೋ ಕಾಲೇಜುಗಳ ಕ್ರೀಡಾ ಬಜೆಟ್ಟಿನ ಬಹುಪಾಲು ವಿದ್ಯಾರ್ಥಿಗಳ ಜೇಬಿಂದಲೇ. ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಪ್ರತಿ ವಿದ್ಯಾರ್ಥಿ ವರ್ಷಕ್ಕೆ ಕ್ರೀಡೆಗೆ ಅಂತ ಕೊಡೋದು 2 ಸಾವಿರ ಡಾಲರ್ ಮೀರುತ್ತೆ. ಆ ರಾಜ್ಯದಲ್ಲಿ 2015ರಲ್ಲಿ ಇದಕ್ಕೆ ಮಿತಿ ಹಾಕೋ ಕಾನೂನೇ ಬಂತು.

ಅದೇ ಜೇಮ್ಸ್ ಮ್ಯಾಡಿಸನ್ 2022ರಲ್ಲಿ ಎಫ್‌ಬಿಎಸ್‌ಗೆ ಏರಿತು. ಫುಟ್‌ಬಾಲಿನಲ್ಲಿ ಕಾಯೋದು ಎರಡು ವರ್ಷ. ಎರಡನೇ ವರ್ಷ, 2023ರಲ್ಲಿ, ಹತ್ತಕ್ಕೆ ಹತ್ತೂ ಆಟ ಗೆದ್ದು ಕೂತರು! ಎನ್‌ಸಿಎಎಗೆ ಗೋಗರೆದರು, ವಿನಾಯಿತಿ ಸಿಗಲಿಲ್ಲ. ರಾಜ್ಯದ ಅಟಾರ್ನಿ ಜನರಲ್ಲೇ ಪತ್ರ ಬರೆದರು. ಕಡೆಗೆ ಇಎಸ್‌ಪಿಎನ್‌ನವರು ತಮ್ಮ ದೊಡ್ಡ ಕಾರ್ಯಕ್ರಮವನ್ನ ಅವರ ಕ್ಯಾಂಪಸ್ಸಿಗೇ ತಗೊಂಡು ಬಂದ ದಿನ ಓವರ್‌ಟೈಮಿನಲ್ಲಿ ಸೋತರು. ಸೋಲಿಸಿದ್ದು ಯಾರು? ಅಪಲಾಚಿಯನ್ ಸ್ಟೇಟ್! ಆಮೇಲೆ ಅರ್ಹ ತಂಡಗಳು ಸಾಲದೇ ಖಾಲಿ ಉಳಿದ ಜಾಗದಲ್ಲಿ ಇವರಿಗೊಂದು ಬೌಲ್ ಆಟ ಸಿಕ್ಕಿತು. ಮದುವೆ ಮನೇಲಿ ಕೊನೇ ಪಂಕ್ತಿಯಲ್ಲಿ ಎಲೆ ಉಳಿದಿದೆ, ಬನ್ನಿ ಅಂದ ಹಾಗೆ.

ಕೇಳಿ ಮಾಡಿದವರೂ ಇದ್ದಾರೆ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಫೀಸು ಏರಿಸಿ ಒಂದನೇ ಡಿವಿಷನ್ನಿಗೆ ಹೋಗೋಣವಾ ಅಂತ ವಿದ್ಯಾರ್ಥಿಗಳಿಗೇ ಮತ ಹಾಕಿಸಿದರು. 2012ರಲ್ಲಿ ಬೇಡ ಅಂದರು, 2016ರಲ್ಲಿ ಆಗಲಿ ಅಂದರು. ತಂಡ ಮೇಲೇರಿದ್ದು 2020ರಲ್ಲಿ, ಅರ್ಹತೆ ಸಿಕ್ಕಿದ್ದು 2024-25ರಲ್ಲಿ. ಆ ಮೊದಲ ವರ್ಷವೇ ಲೀಗ್ ಗೆದ್ದು ಟೂರ್ನಿಗೆ ಹೋಗಿ ಮಿಶಿಗನ್ ಎದುರು 68-65ರಲ್ಲಿ ಸೋತರು. 2016ರಲ್ಲಿ ಆಗಲಿ ಅಂದ ಮಕ್ಕಳು ಅಷ್ಟು ಹೊತ್ತಿಗೆ ಎಲ್ಲೆಲ್ಲಿ ಕೆಲಸದಲ್ಲಿದ್ದರೋ, ಯಾವ ಸೋಫಾದಲ್ಲಿ ಕೂತು ಆ ಆಟ ನೋಡಿದರೋ.

ನನಗೆ ಕಸಿವಿಸಿ ಆಗೋದು ಇಲ್ಲೇ. ಡಿಗ್ರಿಯೂ ನಾಲ್ಕು ವರ್ಷ, ಆ ವನವಾಸವೂ ನಾಲ್ಕು ವರ್ಷ. ಮೊದಲ ವರ್ಷ ಸೇರಿದ ಹುಡುಗ ಮೊಣಕಾಲು ಸವೆಸಿ ಆಡಿ, ಟೂರ್ನಿ ಅನ್ನೋದನ್ನ ಟಿವಿಯಲ್ಲೇ ನೋಡಿ ಮನೆಗೆ ಹೋಗ್ಬೇಕು. ಎರಡನೇ ಡಿವಿಷನ್ನಿನಲ್ಲೇ ಉಳಿದಿದ್ದರೆ ಆ ಮಟ್ಟದ ಟೂರ್ನಿಯಾದರೂ ಸಿಗ್ತಿತ್ತು. ಸುಮ್ಮನೆ ದುಡ್ಡಿನಾಸೆಗೆ ನುಗ್ಗೋ ಕಾಲೇಜುಗಳನ್ನ ತಡೆಯೋದಕ್ಕೆ ಈ ನಿಯಮ ಅಂತಾರೆ. ಸರಿ, ತಡೀರಿ. ಆದರೆ ಅರ್ಜಿಗೆ ಸಹಿ ಹಾಕಿದ ಅಧ್ಯಕ್ಷರಿಗೆ ಬೀಳದ ದಂಡ ಹತ್ತೊಂಬತ್ತರ ಹುಡುಗನಿಗೆ ಯಾಕೆ? 2025ರಲ್ಲಿ ಈ ಅವಧಿಯನ್ನ ಕೆಲವು ಶರತ್ತು ಹಾಕಿ ಮೂರು ವರ್ಷಕ್ಕೆ ಇಳಿಸಿದ್ದಾರೆ, ಅಷ್ಟರಮಟ್ಟಿಗೆ ವಾಸಿ.

ಮೆರಿಮ್ಯಾಕ್ ಏನಾಯ್ತು ಅಂತ ಕೇಳ್ತೀರಾ? 2024ಕ್ಕೆ ಅವರ ನಾಲ್ಕು ವರ್ಷ ಮುಗಿದಿತ್ತು. ಮತ್ತೆ ಲೀಗಿನ ಫೈನಲ್ ತಲುಪಿದರು, ಈ ಸಲ ಗೆದ್ದರೆ ನಿಜವಾಗ್ಲೂ ಟೂರ್ನಿಗೆ ಹೋಗೋದೇ. ಆಟ ಅವರ ಊರಿನಲ್ಲೇ. ವ್ಯಾಗ್ನರ್ ಅನ್ನೋ ಕಾಲೇಜು ಬಂದು 54-47ರಲ್ಲಿ ಗೆದ್ದುಕೊಂಡು ಹೋಯ್ತು.