ಕೂಲರ್ ಕೊಳ್ಳುವ ಗೃಹಿಣಿಗೆ ಅಂಗಡಿಯವರು ಹೇಳಬೇಕಾದದ್ದು

ಕೊಲ್ಹಾರ: ವಿಜಯಪುರ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸತಲ್ಲ. ಆ ಮಧ್ಯಾಹ್ನಗಳನ್ನು ಮನೆಯೊಳಗೆ ಕಳೆಯುವವರಲ್ಲಿ ಮಹಿಳೆಯರೇ ಹೆಚ್ಚು. ಆದರೂ ಕೂಲರ್, ಎ.ಸಿ. ಮಾರುವವರು ಬೆಲೆ, ಕಂತುಗಳ ಮಾತನ್ನು ಗಂಡಸರೊಂದಿಗೆ ಮುಗಿಸಿ, ಗೃಹಿಣಿಗೆ ಬಣ್ಣ ತೋರಿಸುವುದುಂಟು.

ಕೂಲರ್‌ನ ತತ್ವ ಕೊಲ್ಹಾರದವರಿಗೆ ಅಪರಿಚಿತವಲ್ಲ. ಇಲ್ಲಿನ ಹೆಸರಾಂತ ಮೊಸರು ಮಣ್ಣಿನ ಗಡಿಗೆಯಲ್ಲಿ ತಂಪಾಗಿರುವುದು ಗಡಿಗೆಯ ಮೈಯಿಂದ ನೀರಿನಂಶ ಆವಿಯಾಗುವುದರಿಂದ. ಕೂಲರ್ ಒದ್ದೆ ಹಾಸಿನ ಮೂಲಕ ಒಣಗಾಳಿ ಎಳೆದು ಇದನ್ನೇ ಮಾಡುತ್ತದೆ. ಆದ್ದರಿಂದ ಕಿಟಕಿ ತೆರೆದಿರಬೇಕು. ಮಳೆಗಾಲದ ತೇವದಲ್ಲಿ ಅದು ಬರೀ ಫ್ಯಾನ್. ಇದನ್ನು ಮುಚ್ಚಿಟ್ಟು ಮಾರಿದವರಿಗೆ ಜೂನ್‌ನಲ್ಲಿ ದೂರು ಕಾದಿರುತ್ತದೆ.

200 ವ್ಯಾಟ್‌ನ ಕೂಲರ್ ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಒಂದೂವರೆ ಟನ್ನಿನ ಎ.ಸಿ. ಪೂರ್ಣ ಹೊರೆಯಲ್ಲಿ ಗಂಟೆಗೇ ಸುಮಾರು ಒಂದೂವರೆ ಯೂನಿಟ್ ನುಂಗುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನು ಗ್ರಾಹಕರೇ ಕಟ್ಟಬೇಕು. ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಕಂತು ಕಟ್ಟಲು ಯೋಚಿಸುವವರಿಗೆ ಈ ಲೆಕ್ಕ ಬೆಲೆಗಿಂತ ಮುಖ್ಯ.

ಎಲ್ಲಕ್ಕಿಂತ ಮಿಗಿಲಾದದ್ದು ಜೀವದ ಪ್ರಶ್ನೆ. ಕೂಲರ್‌ಗೆ ದಿನವೂ ನೀರು ತುಂಬುವವರು ಬಹುತೇಕ ಗೃಹಿಣಿಯರೇ. ತಗಡಿನ ಮೈಗೆ ವಿದ್ಯುತ್ ಸೋರಿದರೆ, ಒದ್ದೆ ಕೈ, ಬರಿಗಾಲಿನವರಿಗೆ ಅದು ಪ್ರಾಣಾಂತಿಕ. ಮೂರು ಪಿನ್ನಿನ ಪ್ಲಗ್ ಇದ್ದರೆ ಸಾಲದು, ಮನೆಯ ಅರ್ಥಿಂಗ್ ಸರಿಯಿರಬೇಕು. ಅದನ್ನು ಪರೀಕ್ಷಿಸದೆ ಮೆಕ್ಯಾನಿಕ್ ಕೂಲರ್ ಜೋಡಿಸಬಾರದು. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ನಂತರವೇ ನೀರು ತುಂಬಬೇಕೆಂಬುದನ್ನು, ತುಂಬುವವರ ಎದುರಿಗೇ ಮಾಡಿ ತೋರಿಸಬೇಕು.